ರೇಡ್ ಸಂಗ್ರಹಣೆಯಲ್ಲಿ 2 ಟೆರಾಬೈಟ್ ಮಿತಿ

ರೇಡ್ ಸಂಗ್ರಹಣೆಯಲ್ಲಿ 2 ಟೆರಾಬೈಟ್ ಮಿತಿ ಎಂಬುದು ಹಳೆಯ ರೇಡ್ ಕಂಟ್ರೋಲರ್‌ಗಳೊಂದಿಗೆ ದೊಡ್ಡ ಗಾತ್ರದ ವಾಲ್ಯೂಮ್‌ಗಳನ್ನು ಬಳಸುವಾಗ ಎದುರಾಗುವ ತಾಂತ್ರಿಕ ನಿರ್ಬಂಧ. ಡಿಸ್ಕ್‌ನ ಸೆಕ್ಟರ್‌ಗಳನ್ನು 32 ಬಿಟ್‌ಗಳ ಸಂಖ್ಯೆಯಿಂದ ಗುರುತಿಸುವ ಪದ್ಧತಿಯೇ ಇದಕ್ಕೆ ಕಾರಣ. ಈ ಮಿತಿಯನ್ನು ಮೀರಿದಾಗ ಹೆಚ್ಚುವರಿ ಸ್ಥಳ ಬಳಕೆಗೆ ದೊರೆಯದೆ ಹೋಗಬಹುದು. ಕೆಲವು ಸಂದರ್ಭಗಳಲ್ಲಿ ಈಗಾಗಲೇ ಸಂಗ್ರಹಿಸಿದ ದತ್ತಾಂಶವೇ ನಾಶವಾಗಬಹುದು.

ಹಿನ್ನೆಲೆ

ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ಡಿಸ್ಕ್‌ನಂತೆ ಬಳಸುವ ವಿಧಾನಕ್ಕೆ ರೇಡ್ ಎಂದು ಹೆಸರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ಪ್ರಚಾರಕ್ಕೆ ಬಂದಿತು. 3 ಟೆರಾಬೈಟ್‌ನ ಬಿಡಿ ಡಿಸ್ಕ್‌ಗಳು ಮಾರುಕಟ್ಟೆಗೆ ಬಂದದ್ದು 2010ರಲ್ಲಿ. ಆದರೆ 500 ಗಿಗಾಬೈಟ್‌ನ 6 ಡಿಸ್ಕ್‌ಗಳನ್ನು ರೇಡ್ 5 ವಿಧಾನದಲ್ಲಿ ಜೋಡಿಸಿದರೆ 2.5 ಟೆರಾಬೈಟ್ ಸ್ಥಳ ದೊರೆಯುತ್ತದೆ. ಆದ್ದರಿಂದ ರೇಡ್ ಬಳಕೆದಾರರಿಗೆ ಈ ಮಿತಿ ಇತರರಿಗಿಂತ ಮೊದಲೇ ಎದುರಾಯಿತು.

ಮಿತಿಯ ಕಾರಣ

32 ಬಿಟ್‌ಗಳಿಂದ 4,29,49,67,296 ಸೆಕ್ಟರ್‌ಗಳನ್ನು ಮಾತ್ರ ಗುರುತಿಸಬಹುದು. ಪ್ರತಿ ಸೆಕ್ಟರ್‌ನಲ್ಲಿ 512 ಬೈಟ್‌ಗಳಿದ್ದರೆ ಒಟ್ಟು ಗಾತ್ರ ದ್ವಿಮಾನ ಲೆಕ್ಕದಲ್ಲಿ 2 ಟೆರಾಬೈಟ್, ದಶಮಾನ ಲೆಕ್ಕದಲ್ಲಿ ಸುಮಾರು 2.2 ಟೆರಾಬೈಟ್ ಆಗುತ್ತದೆ. ಈ ಮಿತಿ ಒಂದಕ್ಕಿಂತ ಹೆಚ್ಚು ಹಂತಗಳಲ್ಲಿ ಇರಬಹುದು:

• ಕಂಟ್ರೋಲರ್, ಅದರ ಫರ್ಮ್‌ವೇರ್ ಮತ್ತು ಡ್ರೈವರ್: ಸ್ಕಸಿ ಮಾನಕದ 10 ಬೈಟ್‌ಗಳ ಆದೇಶಗಳಲ್ಲಿ ಸೆಕ್ಟರ್ ಸಂಖ್ಯೆಗೆ 32 ಬಿಟ್‌ಗಳಷ್ಟೇ ಇವೆ. 16 ಬೈಟ್‌ಗಳ ಆದೇಶಗಳಲ್ಲಿ 64 ಬಿಟ್‌ಗಳಿವೆ.
• ಪಾರ್ಟಿಶನ್ ಪಟ್ಟಿ: ಹಳೆಯ ಎಂಬಿಆರ್ ಪಟ್ಟಿಯಲ್ಲಿ 32 ಬಿಟ್‌ಗಳು, ಜಿಪಿಟಿ ಪಟ್ಟಿಯಲ್ಲಿ 64 ಬಿಟ್‌ಗಳು.
• ಕಾರ್ಯಾಚರಣ ವ್ಯವಸ್ಥೆ: 32 ಬಿಟ್‌ಗಳ ವಿಂಡೋಸ್ ಎಕ್ಸ್‌ಪಿ ಜಿಪಿಟಿ ಡಿಸ್ಕ್‌ಗಳನ್ನು ಬಳಸಲಾರದು. ವಿಂಡೋಸ್ ಸರ್ವರ್ 2003 ತನ್ನ ಮೊದಲ ಸರ್ವಿಸ್ ಪ್ಯಾಕ್‌ನಿಂದ ಬಳಸಬಲ್ಲದು.

ಇವುಗಳಲ್ಲಿ ಯಾವುದಾದರೂ ಒಂದು ಹಂತ 32 ಬಿಟ್‌ಗಳಿಗೆ ಸೀಮಿತವಾಗಿದ್ದರೂ ಇಡೀ ವ್ಯವಸ್ಥೆಗೆ ಆ ಮಿತಿ ಅನ್ವಯಿಸುತ್ತದೆ.

ಪರಿಣಾಮಗಳು

ಮಿತಿ ಮೀರಿದ ಡಿಸ್ಕ್ ಸಾಮಾನ್ಯವಾಗಿ ನಿಜವಾದ ಗಾತ್ರಕ್ಕಿಂತ ಚಿಕ್ಕದಾಗಿ ಕಾಣಿಸುತ್ತದೆ. ಉದಾಹರಣೆಗೆ, 3 ಟೆರಾಬೈಟ್‌ನ ಡಿಸ್ಕ್ ಸುಮಾರು 746 ಗಿಗಾಬೈಟ್ ಎಂದು ತೋರಬಹುದು. ಇದು ಒಟ್ಟು ಗಾತ್ರದಿಂದ 2 ಟೆರಾಬೈಟ್ ಕಳೆದು ಉಳಿದ ಭಾಗ.

ಇದಕ್ಕಿಂತ ಅಪಾಯಕಾರಿಯಾದದ್ದು ಗಾತ್ರ ಸರಿಯಾಗಿಯೇ ಕಾಣಿಸುವ ಸ್ಥಿತಿ. ಸೆಕ್ಟರ್ ಸಂಖ್ಯೆಯ ಮೇಲಿನ ಬಿಟ್‌ಗಳು ಮಧ್ಯದ ಯಾವುದೋ ಹಂತದಲ್ಲಿ ಕಡಿದುಹೋದರೆ, ಮಿತಿಯ ಆಚೆಗೆ ಬರೆಯಬೇಕಾದ ದತ್ತಾಂಶ ವಾಲ್ಯೂಮ್‌ನ ಆರಂಭದ ಭಾಗದ ಮೇಲೆ ಬರೆಯಲ್ಪಡುತ್ತದೆ. ಪಾರ್ಟಿಶನ್ ಪಟ್ಟಿ ಹಾಗೂ ಕಡತ ವ್ಯವಸ್ಥೆಯ ಮುಖ್ಯ ಮಾಹಿತಿ ಇರುವುದು ಅಲ್ಲಿಯೇ. ವಾಲ್ಯೂಮ್ ಅಷ್ಟು ತುಂಬುವವರೆಗೆ ದೋಷ ಬೆಳಕಿಗೆ ಬಾರದಿರಬಹುದು. ರೇಡ್‌ನ ಪ್ಯಾರಿಟಿಯಿಂದಲೂ ಇಲ್ಲಿ ರಕ್ಷಣೆ ದೊರೆಯುವುದಿಲ್ಲ. ತಪ್ಪು ಸ್ಥಳದಲ್ಲಿ ಬರೆದ ದತ್ತಾಂಶಕ್ಕೂ ಕಂಟ್ರೋಲರ್ ಸರಿಯಾದ ಪ್ಯಾರಿಟಿಯನ್ನೇ ಲೆಕ್ಕ ಹಾಕುತ್ತದೆ.

ಪರಿಹಾರ ವಿಧಾನಗಳು

• ವಿಭಜನೆ: ಡಿಸ್ಕ್ ಸಮೂಹವನ್ನು 2 ಟೆರಾಬೈಟ್‌ಗಿಂತ ಚಿಕ್ಕದಾದ ಹಲವು ವಾಲ್ಯೂಮ್‌ಗಳಾಗಿ ವಿಂಗಡಿಸುವುದು. 3ವೇರ್ 9000 ಸರಣಿಯ ಕಂಟ್ರೋಲರ್‌ಗಳಲ್ಲಿ ಇದಕ್ಕೆ ಸ್ವಯಂಚಾಲಿತ ಸೌಲಭ್ಯವಿತ್ತು. ಲಿನಕ್ಸ್‌ನ ಎಲ್‌ವಿಎಂ ಮೂಲಕ ಈ ಭಾಗಗಳನ್ನು ಮತ್ತೆ ಒಂದುಗೂಡಿಸಬಹುದು.
• ದೊಡ್ಡ ಸೆಕ್ಟರ್: ಕೆಲವು ಕಂಟ್ರೋಲರ್‌ಗಳು ಸೆಕ್ಟರ್ ಗಾತ್ರವನ್ನು 4,096 ಬೈಟ್‌ಗಳೆಂದು ತೋರಿಸಬಲ್ಲವು. ಆಗ ಮಿತಿ 16 ಟೆರಾಬೈಟ್‌ಗೆ ಏರುತ್ತದೆ.
• 64 ಬಿಟ್‌ಗಳ ಬಳಕೆ: ಕಂಟ್ರೋಲರ್, ಡ್ರೈವರ್ ಮತ್ತು ಕಾರ್ಯಾಚರಣ ವ್ಯವಸ್ಥೆ ಮೂರೂ ಇದಕ್ಕೆ ಸಿದ್ಧವಿದ್ದರೆ ಜಿಪಿಟಿ ಬಳಸಬಹುದು. ಬಯೋಸ್ ಇರುವ ಗಣಕದಲ್ಲಿ ವಿಂಡೋಸ್ ಜಿಪಿಟಿ ಡಿಸ್ಕ್‌ನಿಂದ ಆರಂಭವಾಗದ ಕಾರಣ, ಅದಕ್ಕೆ ಪ್ರತ್ಯೇಕವಾದ ಚಿಕ್ಕ ವಾಲ್ಯೂಮ್ ಇಡಬೇಕಾಗುತ್ತದೆ.
• ಸಾಫ್ಟ್‌ವೇರ್ ರೇಡ್: ಕಂಟ್ರೋಲರ್ ಪ್ರತಿ ಡಿಸ್ಕ್ ಅನ್ನು ಬಿಡಿಯಾಗಿ ಒದಗಿಸಿ, ಜೋಡಣೆಯನ್ನು ಕಾರ್ಯಾಚರಣ ವ್ಯವಸ್ಥೆಗೆ ಬಿಡುವ ಕ್ರಮ. ಪ್ರತಿ ಡಿಸ್ಕ್ ಮಿತಿಯೊಳಗಿದ್ದರೆ ಕಂಟ್ರೋಲರ್‌ನ ಮಿತಿ ಒಟ್ಟು ಗಾತ್ರಕ್ಕೆ ಅನ್ವಯಿಸುವುದಿಲ್ಲ.

ಪರಿಶೀಲನೆ

ವಾಲ್ಯೂಮ್‌ನ ಗಾತ್ರ ಸರಿಯಾಗಿ ಕಾಣಿಸುವುದು ಸುರಕ್ಷತೆಗೆ ಸಾಕ್ಷಿಯಲ್ಲ. ಬಳಕೆಗೆ ಮುನ್ನ ಖಾಲಿ ವಾಲ್ಯೂಮ್ ಅನ್ನು ಒಂದಕ್ಕೊಂದು ಭಿನ್ನವಾದ ಪರೀಕ್ಷಾ ದತ್ತಾಂಶದಿಂದ ಕೊನೆಯವರೆಗೂ ತುಂಬಿಸಿ, ಗಣಕವನ್ನು ಮರುಪ್ರಾರಂಭಿಸಿ, ಮೊದಲಿನಿಂದ ಓದಿ ಹೋಲಿಸಿ ನೋಡಬೇಕು. ರೇಡ್ ಡಿಸ್ಕ್ ಕೆಟ್ಟಾಗ ನೆರವಾಗುತ್ತದೆಯೇ ಹೊರತು ತಪ್ಪಾದ ಬರಹದಿಂದ ಕಾಪಾಡುವುದಿಲ್ಲ. ಆದ್ದರಿಂದ ಮುಖ್ಯ ದತ್ತಾಂಶದ ಪ್ರತಿಯನ್ನು ಬೇರೆ ಸಾಧನದಲ್ಲಿ ಇಡುವುದು ಅವಶ್ಯಕ.