ಹೆಣ್ಣುಮರಿ ಬೆದೆಗೆ ಬರುವ ಗುಟ್ಟು: ಒಂದು ಹಿನ್ನೋಟ

"ವರ್ಷ ತುಂಬಿದ್ರೂ ಮರಿ ಬೆದೆಗೆ ಬರಲಿಲ್ಲ, ತಳೀನೇ ಸರಿ ಇಲ್ಲ" ಅಂತ ಕುರಿ ಸಾಕುವವರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಹೀಗೆ ಹೇಳಿ ಒಳ್ಳೇ ಹೆಣ್ಣುಮರಿಯನ್ನೂ ಸಂತೆಗೆ ಹೊಡೆದುಬಿಡುವುದುಂಟು. ತಪ್ಪು ತಳಿಯದೋ, ಮೇವಿನದೋ? ಈ ಪ್ರಶ್ನೆಗೆ ವಿಜ್ಞಾನಿಗಳು ಉತ್ತರ ಹುಡುಕಿದ ಕಥೆಯನ್ನು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇನೆ.

ಮೊದಲು ತಿಳಿದದ್ದು ಮೆದುಳಿನ ಪಾತ್ರ. 1971ರಲ್ಲಿ ಅಮೆರಿಕದಲ್ಲಿ ಆಂಡ್ರೂ ಶಾಲಿ ಅವರು ಹಂದಿಗಳ ಮೆದುಳಿನಿಂದಲೂ, ರೋಜರ್ ಗಿಲ್ಲೆಮಿನ್ ಅವರು ಕುರಿಗಳ ಮೆದುಳಿನಿಂದಲೂ ಒಂದೇ ಹಾರ್ಮೋನಿನ ರಚನೆಯನ್ನು ಬಿಡಿಸಿದರು. ಇದಕ್ಕಾಗಿ ಗಿಲ್ಲೆಮಿನ್ ಕಸಾಯಿಖಾನೆಗಳಿಂದ ಲಕ್ಷಾಂತರ ಕುರಿಗಳ ಮೆದುಳಿನ ಚೂರುಗಳನ್ನು ಕೂಡಿಹಾಕಿದ್ದರು. 1977ರ ನೊಬೆಲ್ ಬಹುಮಾನದಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು. ಈ ಹಾರ್ಮೋನು ಪದೇ ಪದೇ ಮಿಡಿದರೆ ಮರಿಯ ಅಂಡಾಶಯ ಎಚ್ಚರಗೊಳ್ಳುತ್ತದೆ. ಎಳೇ ಮರಿಯಲ್ಲಿ ಅದು ಮಿಡಿಯುವುದು ಅಪರೂಪ.

ಯಾಕೆ ಹೀಗೆ? 1980ರ ದಶಕದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಡಗ್ಲಾಸ್ ಫಾಸ್ಟರ್ ಮತ್ತು ಸಂಗಡಿಗರು ಹೆಣ್ಣುಮರಿಗಳಿಗೆ ಅರೆಹೊಟ್ಟೆ ಮೇವು ಹಾಕಿ ನೋಡಿದರು. ವಯಸ್ಸು ಮೀರಿದರೂ ಅವು ಬೆದೆಗೆ ಬರಲಿಲ್ಲ. ಹೊಟ್ಟೆ ತುಂಬ ಮೇವು ಹಾಕಿದ ಮೇಲೆ ಬೇಗನೇ ಬಂದವು! ಅಲ್ಲಿನ ಸಫೋಕ್ ತಳಿಯಲ್ಲಿ ಹಗಲಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ವಸಂತದಲ್ಲಿ ಹುಟ್ಟಿದ ಮರಿ ಸುಮಾರು 30 ವಾರಕ್ಕೆ ಬೆದೆಗೆ ಬಂದರೆ, ಶರತ್ಕಾಲದಲ್ಲಿ ಹುಟ್ಟಿದ್ದು ಮುಂದಿನ ಶರತ್ಕಾಲದ ತನಕ ಕಾಯುತ್ತದೆ.

ವಂಶವಾಹಿಯ ಸುಳಿವು ಸಿಕ್ಕಿದ್ದು ಆಕಸ್ಮಿಕವಾಗಿ. 1996ರಲ್ಲಿ ಅಮೆರಿಕದ ಹರ್ಷಿ ಊರಿನಲ್ಲಿ ಕ್ಯಾನ್ಸರ್ ಸಂಶೋಧಕರು ಹೊಸ ವಂಶವಾಹಿಯೊಂದನ್ನು ಕಂಡು, ಆ ಊರಿನ ಹೆಸರಾಂತ ಚಾಕೊಲೇಟಿನ ನೆನಪಿಗೆ 'ಕಿಸ್-1' ಎಂದು ಹೆಸರಿಟ್ಟರು. ಅದರಿಂದ ಹುಟ್ಟುವ ಕಿಸ್‌ಪೆಪ್ಟಿನ್‌ನ ಸಂದೇಶವನ್ನು ಹಿಡಿಯುವ ವಂಶವಾಹಿ ಕೆಟ್ಟರೆ ಮನುಷ್ಯರು ಪ್ರಾಯಕ್ಕೇ ಬರುವುದಿಲ್ಲ ಎಂದು 2003ರಲ್ಲಿ ತಿಳಿಯಿತು. 2005ರಲ್ಲಿ ಕುರಿಗಳ ಮೆದುಳಿಗೆ ಕಿಸ್‌ಪೆಪ್ಟಿನ್ ಕೊಟ್ಟಾಗ ಶಾಲಿ, ಗಿಲ್ಲೆಮಿನ್ ಕಂಡಿದ್ದ ಅದೇ ಹಾರ್ಮೋನು ಉಕ್ಕಿತು. ಮೈಯ ಕೊಬ್ಬು, ಅಂಡಾಶಯ, ಹಗಲಿನ ಉದ್ದ ಇವೆಲ್ಲದರ ಸುದ್ದಿ ಮೆದುಳಿನ ಹಾರ್ಮೋನಿಗೆ ಮುಟ್ಟುವ ಮುಖ್ಯ ದಾರಿಗಳಲ್ಲಿ ಇದೂ ಒಂದು.

ಹಾಗಾದರೆ ತಳಿಗೆ ಬೆಲೆ ಇಲ್ಲವೇ? ಇದೆ. ಕೆಲವು ತಳಿ ಬೇಗ, ಕೆಲವು ತಡ. ಆದರೆ ಎಂಥ ತಳಿಯಾದರೂ ಹಸಿದ ಮರಿಯ ಮೆದುಳು ತಡೆದೇ ತಡೆಯುತ್ತದೆ. ನಮ್ಮ ಸೀಮೆಯಲ್ಲಿ ಹಗಲಿನ ಏರಿಳಿತ ಕಡಿಮೆ, ಹಾಗಾಗಿ ಮೇವಿನ ಮಾತೇ ಹೆಚ್ಚು. ಹಾಲು ಬಿಟ್ಟ ಹೆಣ್ಣುಮರಿಗಳಿಗೆ ಬೇರೆಯಾಗಿ ಮೇವು ಹಾಕಿ. ಮೈತುಂಬಿದ ಕುರಿಯ ತೂಕದ ಮೂರರಲ್ಲಿ ಎರಡು ಪಾಲು ಬಂದ ಮೇಲೆಯೇ ಟಗರಿಗೆ ಬಿಡಿ. ಮರಿಯನ್ನು ಸಂತೆಗೆ ಹೊಡೆಯುವ ಮುಂಚೆ ಒಮ್ಮೆ ಅದರ ಹೊಟ್ಟೆ ಮುಟ್ಟಿ ನೋಡಿ ಅಂತ ಬೆಳ್ಳಿಹಬ್ಬದ ಈ ಸಂದರ್ಭದಲ್ಲಿ ನನ್ನ ವಿನಂತಿ.