ಬಡತನದ ವ್ರತ, ಬಂಗಾರದ ಮಾಳಿಗೆ

ವಿಯೆನ್ನಾ ನಗರದಿಂದ ಪಶ್ಚಿಮಕ್ಕೆ ಹೊರಟವರಿಗೆ ಡ್ಯಾನ್ಯೂಬ್ ನದಿಯ ದಂಡೆಯಲ್ಲಿ, ಎತ್ತರದ ಬಂಡೆಯೊಂದರ ಮೇಲೆ, ಹಳದಿ ಬಣ್ಣದ ಭಾರಿ ಕಟ್ಟಡವೊಂದು ಎದುರಾಗುತ್ತದೆ. ಉದ್ದ 300 ಮೀಟರಿಗೂ ಹೆಚ್ಚು. ಎರಡು ಗೋಪುರ, ಒಂದು ದೊಡ್ಡ ಗುಮ್ಮಟ, ಸಾವಿರಕ್ಕೂ ಮಿಕ್ಕಿದ ಕಿಟಕಿಗಳು. ಹೊಸದಾಗಿ ಕಂಡವರು ಯಾವುದೋ ಚಕ್ರವರ್ತಿಯ ಅರಮನೆ ಎಂದುಕೊಳ್ಳುವುದು ಸಹಜ. ಆದರೆ ಅದು ಮೆಲ್ಕ್ ಮಠ. 1089ರಿಂದ ಇಂದಿನವರೆಗೂ ಅಲ್ಲಿ ವಾಸವಾಗಿರುವವರು ಬೆನೆಡಿಕ್ಟೈನ್ ಪಂಥದ ಸನ್ಯಾಸಿಗಳು. ಸ್ವಂತದ್ದೆಂದು ಒಂದು ಪುಸ್ತಕವನ್ನಾಗಲಿ, ಬರೆಯುವ ಲೇಖನಿಯನ್ನಾಗಲಿ ಇಟ್ಟುಕೊಳ್ಳಬಾರದೆಂಬ ನಿಯಮಕ್ಕೆ ಒಳಪಟ್ಟವರು!

ಆಸ್ಟ್ರಿಯಾ, ಜರ್ಮನಿಗಳಲ್ಲಿ ಇಂಥ ಮಠಗಳು ಹಲವು. ಇವುಗಳನ್ನು ನೋಡಲು ಪ್ರತಿವರ್ಷ ಲಕ್ಷಗಟ್ಟಲೆ ಜನ ಬರುತ್ತಾರೆ. ಬಂಗಾರದ ಮುಲಾಮು ನೋಡಿ ಕಣ್ಣು ಕೋರೈಸಿಕೊಂಡು ಹಿಂದಿರುಗುವವರೇ ಬಹಳ. ಆದರೆ ಏನೂ ಇಟ್ಟುಕೊಳ್ಳಬಾರದ ಸನ್ಯಾಸಿಗಳು ಇಷ್ಟೆಲ್ಲ ಏಕೆ ಕಟ್ಟಿದರು ಎಂಬ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡು ಹೋದರೆ ಈ ಕಟ್ಟಡಗಳು ಬೇರೆಯೇ ಕಥೆ ಹೇಳುತ್ತವೆ.

ಬೆಟ್ಟದ ಮೇಲಿನ ಧರ್ಮಸ್ಥಾನ ನಮ್ಮವರಿಗೆ ಹೊಸದಲ್ಲ. ಕೈಲಾಂಚದ ಕಡೆಯವರಿಗೆ ಅವ್ವೇರಹಳ್ಳಿಯ ರೇವಣಸಿದ್ಧೇಶ್ವರ ಬೆಟ್ಟ ಗೊತ್ತು, ಮಾಗಡಿಯವರಿಗೆ ಶಿವಗಂಗೆ ಗೊತ್ತು. ಮಠವೆಂದರೆ ಪೂಜೆಯ ಜೊತೆಗೆ ದಾಸೋಹ, ಪಾಠಶಾಲೆ, ಜಮೀನು, ಅತಿಥಿಗಳು ಎಲ್ಲವೂ ಸೇರಿದ ಸಂಸಾರ ಎಂಬುದೂ ಗೊತ್ತು. ಮೆಲ್ಕ್ ಅನ್ನು ಅರ್ಥ ಮಾಡಿಕೊಳ್ಳಲು ಈ ತಿಳಿವಳಿಕೆ ಸಾಕಷ್ಟು ನೆರವಾಗುತ್ತದೆ.

ಸಂತ ಬೆನೆಡಿಕ್ಟ್ ಇಟಲಿಯ ನುರ್ಸಿಯಾದವನು. ಆರನೆಯ ಶತಮಾನದಲ್ಲಿ, ರೋಮ್ ಸಾಮ್ರಾಜ್ಯ ಕುಸಿದುಬಿದ್ದಿದ್ದ ಕಾಲದಲ್ಲಿ, ಮೊಂಟೆ ಕಸ್ಸಿನೊ ಬೆಟ್ಟದ ಮೇಲೆ ಮಠ ಕಟ್ಟಿ ಸಹವಾಸಿಗಳಿಗಾಗಿ 73 ಅಧ್ಯಾಯಗಳ ನಿಯಮಾವಳಿಯೊಂದನ್ನು ಬರೆದ. ಅದು ತತ್ತ್ವಗ್ರಂಥವಲ್ಲ. ಎಷ್ಟು ಹೊತ್ತಿಗೆ ಏಳಬೇಕು, ಎಷ್ಟು ಉಣ್ಣಬೇಕು, ಅಡಿಗೆಮನೆಯ ಸರದಿ ಹೇಗೆ ಎಂಬಂಥ ವಿಷಯಗಳೇ ಅದರಲ್ಲಿ ಹೆಚ್ಚು. ದಿನಕ್ಕೆ ಹಲವು ಬಾರಿ ಸಾಮೂಹಿಕ ಪ್ರಾರ್ಥನೆ, ಉಳಿದ ಹೊತ್ತು ಕೈಕೆಲಸ ಮತ್ತು ಓದು. ಒಮ್ಮೆ ಸೇರಿದ ಮಠವನ್ನು ಸಾಯುವವರೆಗೆ ಬಿಡಬಾರದು. ಬಂದ ಅತಿಥಿ ಯಾರೇ ಆಗಲಿ, ಕ್ರಿಸ್ತನೇ ಬಂದನೆಂದು ತಿಳಿದು ಸತ್ಕರಿಸಬೇಕು. ನಮ್ಮ 'ಅತಿಥಿ ದೇವೋ ಭವ'ದ ಮಾತೇ.

ಈ ಸರಳ ನಿಯಮಗಳಲ್ಲೇ ಸಂಪತ್ತಿನ ಬೀಜವೂ ಇತ್ತು. ಒಬ್ಬೊಬ್ಬ ಸನ್ಯಾಸಿಗೆ ಆಸ್ತಿ ಇರಬಾರದು, ನಿಜ. ಆದರೆ ಮಠಕ್ಕೆ ಇರಬಹುದು. ಊರು ಬಿಟ್ಟು ಹೋಗದ, ದುಡಿಯುವ, ಲೆಕ್ಕ ಬರೆಯಬಲ್ಲ, ಹೆಂಡತಿ ಮಕ್ಕಳಿಲ್ಲದ ಜನ. ಇವರಿಗೆ ದೊರೆಗಳೂ ಜಮೀನ್ದಾರರೂ ಪುಣ್ಯಕ್ಕಾಗಿ ಭೂಮಿ ಬರೆದುಕೊಟ್ಟರು. ನಮ್ಮಲ್ಲಿ ಮಠಗಳಿಗೆ ಉಂಬಳಿ ಬಿಟ್ಟಂತೆಯೇ ಇದು. ಒಮ್ಮೆ ಮಠಕ್ಕೆ ಸೇರಿದ ಜಮೀನು ಅಣ್ಣತಮ್ಮಂದಿರಲ್ಲಿ ಪಾಲಾಗುವ ಪ್ರಶ್ನೆಯೇ ಇರಲಿಲ್ಲ. ಸಾವಿರ ವರ್ಷ ಕಳೆಯುವಷ್ಟರಲ್ಲಿ ಕೆಲವು ಮಠಾಧಿಪತಿಗಳು ಕಾಡು, ಹೊಲ, ದ್ರಾಕ್ಷಿತೋಟ, ಗಣಿ, ಹಳ್ಳಿಗಳ ಒಡೆಯರಾಗಿದ್ದರು. ದಕ್ಷಿಣ ಜರ್ಮನಿಯ ಒಟ್ಟೊಬೋಯ್ರನ್ ಮಠದ ಅಧಿಪತಿಗೆ ಚಕ್ರವರ್ತಿಯ ಹೊರತು ಬೇರೆ ಮೇಲಧಿಕಾರಿಯೇ ಇರಲಿಲ್ಲ.

ಹಣವಿದ್ದ ಮಾತ್ರಕ್ಕೆ ಅರಮನೆ ಕಟ್ಟಬೇಕಿಲ್ಲ. ಅದಕ್ಕೆ ಕಾಲವೂ ಕೂಡಿ ಬರಬೇಕು. 1618ರಿಂದ 1648ರವರೆಗೆ ಕ್ಯಾಥಲಿಕರು ಮತ್ತು ಪ್ರಾಟೆಸ್ಟೆಂಟರ ನಡುವೆ ನಡೆದ ಮೂವತ್ತು ವರ್ಷಗಳ ಯುದ್ಧ ಜರ್ಮನ್ ನಾಡನ್ನು ಹಾಳುಗೆಡವಿತು. 1683ರಲ್ಲಿ ತುರ್ಕಿ ಸೇನೆ ವಿಯೆನ್ನಾ ನಗರವನ್ನೇ ಮುತ್ತಿತು. ಆ ಮುತ್ತಿಗೆ ಮುರಿದ ನಂತರ ಕ್ಯಾಥಲಿಕ್ ನಾಡುಗಳಲ್ಲಿ ಎಲ್ಲೆಲ್ಲೂ ಕಟ್ಟುವ ಉತ್ಸಾಹ. ಬದುಕಿ ಉಳಿದೆವು ಎಂಬ ಸಂಭ್ರಮ ಒಂದು ಕಡೆ, ನಮ್ಮ ಧರ್ಮವೇ ಗೆದ್ದಿತೆಂದು ತೋರಿಸುವ ಹಟ ಇನ್ನೊಂದು ಕಡೆ. ಈ ಎರಡಕ್ಕೂ ಒದಗಿ ಬಂದದ್ದು ಇಟಲಿಯಲ್ಲಿ ಹುಟ್ಟಿದ ಬರೋಕ್ ಶೈಲಿ. ಪೋರ್ಚುಗೀಸರು ಸೊಟ್ಟ ಮುತ್ತಿಗೆ ಬಳಸುತ್ತಿದ್ದ ಶಬ್ದದಿಂದ ಈ ಹೆಸರು ಬಂದಿತೆನ್ನುತ್ತಾರೆ. ಮೊದಲಿಗೆ ಅದು ಬೈಗುಳವೇ ಆಗಿತ್ತು.

ಹೊಯ್ಸಳರ ಗುಡಿಗಳಲ್ಲಿ ಅಲಂಕಾರ ದಟ್ಟವಾಗಿದ್ದರೂ ಕಲ್ಲು ಕಲ್ಲಾಗಿಯೇ ಇರುತ್ತದೆ. ನೋಡುವವನು ಹತ್ತಿರ ಹೋದಷ್ಟೂ ಬೆರಗು ಹೆಚ್ಚುತ್ತದೆ. ಬರೋಕ್ ಇದಕ್ಕೆ ವಿರುದ್ಧ. ನಿಂತ ಜಾಗದಿಂದಲೇ ನೋಡುವವನನ್ನು ಮರುಳು ಮಾಡುವುದು ಅದರ ಹಂಚಿಕೆ. ಎಲ್ಲಿ ಗೋಡೆ ಮುಗಿದು ಗಾರೆಯ ಗೊಂಬೆ ಶುರುವಾಯಿತು, ಎಲ್ಲಿ ಗೊಂಬೆ ಮುಗಿದು ಚಿತ್ರ ಶುರುವಾಯಿತು ಎಂಬುದು ತಿಳಿಯಬಾರದು. ಅಮೃತಶಿಲೆಯಂತೆ ಕಾಣುವುದು ಬಣ್ಣ ಬೆರೆಸಿ ಹೊಳಪು ಕೊಟ್ಟ ಗಾರೆಯಾಗಿರಬಹುದು. ಕಂಚಿನಂತೆ ಕಾಣುವುದು ಮರವಾಗಿರಬಹುದು. ಗೋಪುರಗಳ ಗಾರೆ ಗೊಂಬೆ ನೋಡಿ ಬೆಳೆದವರಿಗೆ ಈ ಕೈಚಳಕದ ಬೆಲೆ ಬೇಗ ಗೊತ್ತಾಗುತ್ತದೆ.

ಮೆಲ್ಕ್‌ನಲ್ಲಿ ಈ ಕೆಲಸಕ್ಕೆ ಕೈಹಾಕಿದವನು ಬರ್ಟೋಲ್ಡ್ ಡೀಟ್‌ಮಾಯರ್. 1700ರಲ್ಲಿ ಮಠಾಧಿಪತಿಯಾದಾಗ ಅವನಿಗೆ ಮೂವತ್ತೇ ವರ್ಷ. ಹಳೆಯ ಚರ್ಚನ್ನು ಸರಿಪಡಿಸುವುದೆಂದು ಆರಂಭವಾದ ಕೆಲಸ ಇಡೀ ಮಠವನ್ನೇ ಹೊಸದಾಗಿ ಕಟ್ಟುವುದಕ್ಕೆ ತಿರುಗಿತು. ಶಿಲ್ಪಿ ಯಾಕೋಬ್ ಪ್ರಾಂಡ್‌ಟಾವರ್ ಗಾರೆ ಕೆಲಸದಿಂದ ಮೇಲೆ ಬಂದವನು. 1702ರಲ್ಲಿ ಕೆಲಸ ಹಿಡಿದ ಅವನು 1726ರಲ್ಲಿ ತೀರಿಕೊಂಡಾಗ ಕಟ್ಟಡ ಇನ್ನೂ ಮುಗಿದಿರಲಿಲ್ಲ. ಯೋಸೆಫ್ ಮುಂಗೆನಾಸ್ಟ್ ಮುಂದುವರಿಸಿದ. ಖರ್ಚಿನ ವಿಚಾರದಲ್ಲಿ ಮಠದ ಸನ್ಯಾಸಿಗಳೇ ಅಧಿಪತಿಯ ಮೇಲೆ ಆಕ್ಷೇಪ ಎತ್ತಿದ್ದುಂಟು. ಅವರ ಆಕ್ಷೇಪ ತಪ್ಪೆನ್ನುವಂತಿಲ್ಲ.

ಆದರೂ ಮೆಲ್ಕ್‌ನ ಒಳಗೆ ನಡೆದುಕೊಂಡು ಹೋದರೆ ಹಳೆಯ ನಿಯಮಾವಳಿಯ ಅಧ್ಯಾಯಗಳೇ ಒಂದೊಂದಾಗಿ ಕಟ್ಟಡವಾಗಿ ನಿಂತಂತೆ ತೋರುತ್ತದೆ. ಚಕ್ರವರ್ತಿಯ ಪರಿವಾರಕ್ಕಾಗಿ ಮೀಸಲಾದ ಕೋಣೆಗಳು, ಅವುಗಳನ್ನು ಕೂಡಿಸುವ 196 ಮೀಟರ್ ಉದ್ದದ ಪಡಸಾಲೆ. ಇದು ಅತಿಥಿಸತ್ಕಾರದ ಅಧ್ಯಾಯ, ಸ್ವಲ್ಪ ಅತಿಯಾಗಿ ಓದಿಕೊಂಡದ್ದು! ಮುಂದೆ ಅಮೃತಶಿಲೆಯ ಸಭಾಂಗಣ. ಹೆಸರು ಹಾಗಿದ್ದರೂ ಬಾಗಿಲುಗಳ ಚೌಕಟ್ಟು ಮಾತ್ರ ನಿಜವಾದ ಅಮೃತಶಿಲೆ, ಗೋಡೆಗಳದ್ದು ಗಾರೆ. ಪೌಲ್ ಟ್ರೋಗರ್ 1731ರಲ್ಲಿ ಚಿತ್ರಿಸಿದ ಮಾಳಿಗೆ ಆಕಾಶಕ್ಕೆ ತೆರೆದಂತೆ ಕಾಣುತ್ತದೆ. ವಾಸ್ತವವಾಗಿ ಅದು ಹೆಚ್ಚುಕಡಿಮೆ ಚಪ್ಪಟೆ. ಅಲ್ಲಿಂದ ಹೊರಗಿನ ಮೊಗಸಾಲೆಗೆ ಬಂದು, ನದಿಯನ್ನು ನೋಡುತ್ತ ದಾಟಿದರೆ ಎದುರಿಗೆ ಗ್ರಂಥಾಲಯ. ಸುಮಾರು ಒಂದು ಲಕ್ಷ ಪುಸ್ತಕಗಳು. ಇದು ಓದಿನ ಅಧ್ಯಾಯ. ಕೊನೆಗೆ ಚರ್ಚು. ಉಂಬುವ ಮನೆ, ಓದುವ ಮನೆ, ನಡುವೆ ದೇವರ ಮನೆ ಎಂಬ ಕ್ರಮ ಹೊರಗಿನಿಂದ ನೋಡುವವರಿಗೂ ಸ್ಪಷ್ಟ.

ಬವೇರಿಯಾದ ವೆಲ್ಟೆನ್‌ಬುರ್ಗ್ ಮಠ ಇದಕ್ಕಿಂತ ತೀರ ಚಿಕ್ಕದು. ಮೇಕೆದಾಟಿನಲ್ಲಿ ಕಾವೇರಿ ಬಂಡೆಗಳ ನಡುವೆ ನುಗ್ಗುವಂತೆ, ಅಲ್ಲಿ ಡ್ಯಾನ್ಯೂಬ್ ಸುಣ್ಣಕಲ್ಲಿನ ಕಡಿದಾದ ಬೆಟ್ಟಗಳ ನಡುವೆ ಹಾದುಹೋಗುತ್ತದೆ. ಆ ಕಣಿವೆಯ ಬಾಯಲ್ಲೇ ಮಠ. ನದಿ ಉಕ್ಕಿದರೆ ಅಂಗಳಕ್ಕೇ ನೀರು. ಹೊರಗಿನಿಂದ ಚರ್ಚು ಸಾಧಾರಣ. 1716ರಲ್ಲಿ ಆರಂಭವಾದ ಇದರ ಕೆಲಸ ಆಸಾಮ್ ಸೋದರರದು. ಅಣ್ಣ ಕಾಸ್ಮಾಸ್ ಡಾಮಿಯಾನ್ ಚಿತ್ರಗಾರ, ತಮ್ಮ ಎಗಿಡ್ ಕ್ವಿರಿನ್ ಶಿಲ್ಪಿ. ಒಳಗೆ ಕಾಲಿಟ್ಟವರಿಗೆ ಮೊದಲು ಕತ್ತಲೆ. ಆ ಕತ್ತಲೆಯ ಆಚೆ ತುದಿಯಲ್ಲಿ, ಬೆಳಕಿನ ಮಡುವಿನಿಂದ ಕುದುರೆಯೇರಿ ಬರುತ್ತಿರುವ ಸಂತ ಜಾರ್ಜ್. ಬೆಳಕು ಎಲ್ಲಿಂದ ಬರುತ್ತಿದೆಯೆಂದು ಹುಡುಕಿದರೂ ಕಾಣದು. ವಿಗ್ರಹದ ಹಿಂದೆ, ನೋಡುವವರ ಕಣ್ಣಿಗೆ ಬೀಳದಂತೆ ಕಿಟಕಿಗಳನ್ನು ಇರಿಸಲಾಗಿದೆ. ಯಕ್ಷಗಾನ, ನಾಟಕಗಳ ರಂಗಸಜ್ಜಿಕೆ ಬಲ್ಲವರು ಇದನ್ನು ನಾಟಕವೆಂದೇ ಕರೆದಾರು. ಕರೆದರೆ ತಪ್ಪಲ್ಲ. ಮೇಲಿನ ಗಾರೆಯ ಅಂಚಿಗೆ ಒರಗಿ ಒಬ್ಬಾತ ನಗುತ್ತ ಕೆಳಗೆ ಇಣುಕುತ್ತಾನೆ. ಅದು ಕಾಸ್ಮಾಸ್ ಡಾಮಿಯಾನ್‌ನ ಪ್ರತಿಮೆ.

ಆಸ್ಟ್ರಿಯಾದ ಗುಡ್ಡನಾಡಿನ ಆಡ್‌ಮೊಂಟ್ ಮಠಕ್ಕೆ ಹೋಗುವವರು ಹೋಗುವುದು ಗ್ರಂಥಾಲಯಕ್ಕಾಗಿ. 1776ರಲ್ಲಿ ಮುಗಿದ ಈ ಸಭಾಂಗಣ 70 ಮೀಟರ್ ಉದ್ದ. ಮೇಲೆ ಸಾಲಾಗಿ ಏಳು ಗುಮ್ಮಟ, ಎರಡೂ ಬದಿಯಿಂದ 48 ಕಿಟಕಿಗಳ ಬೆಳಕು. ಗುಮ್ಮಟಗಳ ಚಿತ್ರ ಬರೆದ ಬಾರ್ಟೊಲೊಮಿಯೊ ಆಲ್ಟೊಮೊಂಟೆಗೆ ಆಗ ಎಂಬತ್ತು ದಾಟಿತ್ತು. ನಡುವೆ ನಿಂತಿರುವ ಸಾವು, ತೀರ್ಪು, ಸ್ವರ್ಗ, ನರಕಗಳ ಪ್ರತಿಮೆಗಳು ಕಂಚಿನವಲ್ಲ, ಬಣ್ಣ ಬಳಿದ ಮರ. ಪುಸ್ತಕದ ಬೆನ್ನುಗಳಂತೆ ಕಾಣುವ ಕೆಲವು ಹಲಗೆಗಳನ್ನು ಎಳೆದರೆ ಅವು ಬಾಗಿಲು, ಹಿಂದೆ ಮೆಟ್ಟಿಲು! 1865ರಲ್ಲಿ ಬೆಂಕಿ ಬಿದ್ದು ಮಠ ಬಹುಪಾಲು ಸುಟ್ಟುಹೋಯಿತು. ಗ್ರಂಥಾಲಯ ಮಾತ್ರ ಉಳಿಯಿತು.

ಬೆಂಕಿಗಿಂತ ದೊಡ್ಡ ಆಪತ್ತು ಅದಕ್ಕೆ ಮೊದಲೇ ಬಂದು ಹೋಗಿತ್ತು. 1780ರ ದಶಕದಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಎರಡನೆಯ ಜೋಸೆಫ್ ಮಠಗಳಿಗೆ ಒಂದು ಸರಳ ಪ್ರಶ್ನೆ ಹಾಕಿದ: ಪ್ರಾರ್ಥನೆಯ ಹೊರತು ನೀವು ನಾಡಿಗೆ ಮಾಡುವ ಉಪಯೋಗವೇನು? ಉತ್ತರ ಕೊಡಲಾಗದ ನೂರಾರು ಮಠಗಳು ಮುಚ್ಚಿದವು. ಶಾಲೆ ನಡೆಸುತ್ತಿದ್ದ ಮೆಲ್ಕ್ ಉಳಿಯಿತು. ಅಲ್ಲಿನ ಶಾಲೆಯಲ್ಲಿ ಇಂದಿಗೂ ಸುಮಾರು 900 ಮಕ್ಕಳು ಓದುತ್ತಾರೆ. ಅನ್ನ, ಅಕ್ಷರಗಳಿಂದಲೇ ಹೆಸರಾದ ಸಿದ್ಧಗಂಗೆಯಂಥ ಮಠಗಳನ್ನು ಬಲ್ಲವರಿಗೆ ಈ ತೀರ್ಪು ವಿಚಿತ್ರವೆನಿಸದು.

ಬವೇರಿಯಾದಲ್ಲಿ ಅಂಥ ಪ್ರಶ್ನೆಯನ್ನೂ ಕೇಳಲಿಲ್ಲ. ನೆಪೋಲಿಯನ್ನನ ಯುದ್ಧಗಳಲ್ಲಿ ಕಳೆದುಕೊಂಡ ನಾಡಿಗೆ ಬದಲಾಗಿ ಅರಸರಿಗೆ ಮಠಗಳ ಆಸ್ತಿ ಸಿಕ್ಕಿತು. 1802-03ರಲ್ಲಿ ಎಲ್ಲ ಮಠಗಳ ಜಪ್ತಿ. ಒಟ್ಟೊಬೋಯ್ರನ್ ಗತಿ ಎಲ್ಲಕ್ಕಿಂತ ಕರುಣಾಜನಕ. 764ರಲ್ಲಿ ಸ್ಥಾಪನೆಯಾದ ಆ ಮಠ ತನ್ನ ಸಾವಿರ ವರ್ಷದ ಸಂಭ್ರಮಕ್ಕಾಗಿ ಮಹಾ ಚರ್ಚೊಂದನ್ನು ಕಟ್ಟಿಸುತ್ತಿತ್ತು. 1737ರಲ್ಲಿ ಆರಂಭ, 1748ರಿಂದ ಹೊಣೆ ಹೊತ್ತವನು ಯೋಹಾನ್ ಮಿಖಾಯೆಲ್ ಫಿಷರ್. 32 ಚರ್ಚು, 23 ಮಠಗಳನ್ನು ಕಟ್ಟಿದವನೆಂದು ಮ್ಯೂನಿಕ್ ನಗರದಲ್ಲಿರುವ ಅವನ ಸಮಾಧಿಕಲ್ಲು ಹೇಳುತ್ತದೆ. 1766ರಲ್ಲಿ ಪ್ರತಿಷ್ಠೆ. ಎರಡು ತಲೆಮಾರು ದುಡಿದು ಕಟ್ಟಿದ ಚರ್ಚಿನಲ್ಲಿ ಸನ್ಯಾಸಿಗಳು ನಿಶ್ಚಿಂತೆಯಿಂದ ಪ್ರಾರ್ಥಿಸಿದ್ದು 36 ವರ್ಷ ಮಾತ್ರ. ಮತ್ತೆ ಪೂರ್ಣ ಮಠವೆನಿಸಿಕೊಂಡದ್ದು 1918ರಲ್ಲಿ.

ಬೆನೆಡಿಕ್ಟ್‌ಬೋಯ್ರನ್ ಮಠಕ್ಕೆ ಸನ್ಯಾಸಿಗಳು ಹಿಂದಿರುಗಲೇ ಇಲ್ಲ. ಅಧಿಕಾರಿಗಳು ಪುಸ್ತಕಗಳ ಪಟ್ಟಿ ಮಾಡುವಾಗ, 1803ರಲ್ಲಿ, ಮಧ್ಯಯುಗದ ಹಾಡುಗಳ ಒಂದು ಹಸ್ತಪ್ರತಿ ಸಿಕ್ಕಿತು. ಕುಡಿತ, ಜೂಜು, ಪ್ರೇಮಗಳ ಹಾಡುಗಳು. 'ಕಾರ್ಮಿನಾ ಬುರಾನಾ' ಎಂದು ಈಗ ಜಗತ್ಪ್ರಸಿದ್ಧ. ಖಾಲಿಯಾದ ಕಟ್ಟಡದಲ್ಲಿ ಗಾಜಿನ ಕಾರ್ಖಾನೆ ಬಂತು. ಅಲ್ಲಿ ಮಸೂರ ತಯಾರಿಸುತ್ತಿದ್ದ ಯೋಸೆಫ್ ಫ್ರೌನ್‌ಹೋಫರ್ 1814ರಲ್ಲಿ ಸೂರ್ಯನ ಬೆಳಕನ್ನು ಬಿಡಿಸಿ, ಅದರಲ್ಲಿ 500ಕ್ಕೂ ಹೆಚ್ಚು ಕಪ್ಪು ಗೆರೆಗಳನ್ನು ಗುರುತಿಸಿದ. ನಕ್ಷತ್ರಗಳಲ್ಲಿ ಏನಿದೆಯೆಂದು ಭೂಮಿಯಲ್ಲೇ ಕುಳಿತು ಹೇಳುವ ವಿದ್ಯೆಗೆ ಆ ಗೆರೆಗಳೇ ಬುನಾದಿ. ಮಠ ಮುಚ್ಚಿದ್ದರಿಂದ ಲೋಕಕ್ಕೆ ನಷ್ಟವೇ ಆಯಿತೆಂದು ಸಾರಾಸಗಟಾಗಿ ಹೇಳುವುದಕ್ಕೆ ಇದು ಅಡ್ಡ ಬರುತ್ತದೆ.

ಅರಮನೆಗಳನ್ನು ಕಳೆದುಕೊಂಡ ಮೇಲೆ ಪಂಥಕ್ಕೆ ಎರಡನೆಯ ಹುಟ್ಟು ಬಂದದ್ದು 1863ರಲ್ಲಿ, ಜರ್ಮನಿಯ ಬೋಯ್ರೋನ್ ಎಂಬಲ್ಲಿ. ಅಲ್ಲಿಂದ 1872ರಲ್ಲಿ ಬೆಲ್ಜಿಯಂನ ಮಾರೆಡ್ಸೂ ಮಠ. ಅಲ್ಲಿನ ಗೆರಾರ್ಡ್ ಫಾನ್ ಕಾಲೂನ್ ಎಂಬ ಸನ್ಯಾಸಿ, ಬ್ರೆಜಿಲ್ ದೇಶದ ಹಳೆಯ ಬೆನೆಡಿಕ್ಟೈನ್ ಮಠಗಳಿಗೆ ಜೀವ ತುಂಬಲು ಹೊರಟ. ಅಲ್ಲಿಯೂ ಬರೋಕ್ ಚರ್ಚುಗಳ ತುಂಬ ಬಂಗಾರವಿತ್ತು, ಸನ್ಯಾಸಿಗಳಿರಲಿಲ್ಲ. ಸರ್ಕಾರ 1855ರಲ್ಲಿ ಹೊಸಬರಿಗೆ ದೀಕ್ಷೆ ಕೊಡುವುದನ್ನೇ ನಿಷೇಧಿಸಿತ್ತು. ಬ್ರೆಜಿಲ್‌ಗೆ ಸನ್ಯಾಸಿಗಳನ್ನು ತರಬೇತು ಮಾಡಲೆಂದು ಅವನು ಬ್ರೂಜ್ ನಗರದ ಬಳಿ ಸಂತ ಆಂಡ್ರೂ ಮಠ ಸ್ಥಾಪಿಸಿದ. ಅದನ್ನು ಬರೋಕ್ ಶೈಲಿಯಲ್ಲಿ ಕಟ್ಟಲಿಲ್ಲ. ಅದಕ್ಕೂ ಹಿಂದಿನ, ದಪ್ಪ ಗೋಡೆ, ದುಂಡು ಕಮಾನುಗಳ ರೋಮನೆಸ್ಕ್ ಶೈಲಿಗೆ ಮರಳಿದರು. ಚೀನಾದ ಮಾಜಿ ಪ್ರಧಾನಿ ಲೂ ಝೆಂಗ್‌ಶಿಯಾಂಗ್ 1927ರಲ್ಲಿ ಸನ್ಯಾಸಿಯಾಗಿ ಸೇರಿದ್ದು ಈ ಮಠಕ್ಕೇ.

ಕನ್ನಡ ನಾಡಿಗೆ ಬಂದದ್ದೂ ಇದೇ ಮಠದ ಬಳ್ಳಿ. 1947ರಲ್ಲಿ ಸೇಲಂ ಬಳಿಯ ಶಿಲುವೈಗಿರಿಯಲ್ಲಿ ಆರಂಭವಾದ ಮಠ 1957ರಲ್ಲಿ ಬೆಂಗಳೂರು-ಮೈಸೂರು ರಸ್ತೆಗೆ, ಕೆಂಗೇರಿ ಕಡೆಗೆ, ವರ್ಗವಾಯಿತು. ಕುಂಬಳಗೋಡಿನ ಆಶೀರ್ವನಂ ಎಂದರೆ ಅದೇ. ಕೈಲಾಂಚದಿಂದ ರಾಮನಗರಕ್ಕೆ ಬಂದು ಬೆಂಗಳೂರು ಬಸ್ಸು ಹತ್ತಿದವರು ಬಿಡದಿ ದಾಟಿದ ಮೇಲೆ ಅದರ ಸಮೀಪದಿಂದಲೇ ಹಾದುಹೋಗುತ್ತಾರೆ. ಮೆಲ್ಕ್‌ನ ಚಿತ್ರದ ಮಾಳಿಗೆಯನ್ನು ಅಲ್ಲಿ ಹುಡುಕಬಾರದು. ಅಂಥ ಕಣ್ಕಟ್ಟು ನೋಡಬೇಕೆನ್ನುವವರು ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚರ್ಚಿಗೆ ಹೋಗಬೇಕು. ಜೆಸ್ಯೂಟ್ ಪಂಥದ ಇಟಲಿಯ ಚಿತ್ರಗಾರ ಆಂಟೋನಿಯೊ ಮೊಸ್ಕೇನಿ 1899ರಲ್ಲಿ ಆರಂಭಿಸಿ ಅದರ ಗೋಡೆ, ಮಾಳಿಗೆಗಳನ್ನೆಲ್ಲ ಚಿತ್ರಗಳಿಂದ ತುಂಬಿದ. ಕುಂಬಳಗೋಡಿಗೆ ಬಂದದ್ದು 73 ಅಧ್ಯಾಯಗಳ ಆ ನಿಯಮಾವಳಿ ಮಾತ್ರ.

ಆಶೀರ್ವನಂ ಬರುವುದಕ್ಕೂ ಮುನ್ನ, 1955ರಲ್ಲಿ, ಇಂಗ್ಲೆಂಡಿನ ಬೆನೆಡಿಕ್ಟೈನ್ ಸನ್ಯಾಸಿ ಬೀಡ್ ಗ್ರಿಫಿತ್ಸ್ ಬೆನೆಡಿಕ್ಟ್ ಆಲಪಾಟ್ ಎಂಬ ಪಾದ್ರಿಯ ಜೊತೆಗೂಡಿ ಕೆಂಗೇರಿಯಲ್ಲೇ ಮಠ ಕಟ್ಟುವ ಪ್ರಯತ್ನ ನಡೆಸಿದ್ದರು. ಯುರೋಪಿನ ಮಠಜೀವನದ ಪದ್ಧತಿ ಇಲ್ಲಿನ ಹಳ್ಳಿಗರ ಬದುಕಿನ ನಡುವೆ ಅತಿಯಾಯಿತೆಂದು ಗ್ರಿಫಿತ್ಸ್ ಅವರಿಗೆ ಅನ್ನಿಸತೊಡಗಿತು. 1958ರಲ್ಲಿ ಅವರು ಕೇರಳದ ಕುರಿಶುಮಲೆಗೆ ಹೋದರು. ತಮಿಳಿನ ಶಿಲುವೈಗಿರಿ, ಮಲಯಾಳದ ಕುರಿಶುಮಲೆ ಎರಡಕ್ಕೂ ಅರ್ಥ ಒಂದೇ, ಶಿಲುಬೆಯ ಬೆಟ್ಟ. 1968ರಲ್ಲಿ ಕಾವೇರಿ ದಂಡೆಯ ಕುಳಿತ್ತಲೈ ಬಳಿಯ ಶಾಂತಿವನಂ ಆಶ್ರಮದ ಹೊಣೆ ಹೊತ್ತು, ಕಾವಿ ತೊಟ್ಟು, ಗುಡಿಸಲಿನಲ್ಲಿ ವಾಸವಾಗಿದ್ದು 1993ರಲ್ಲಿ ಅಲ್ಲೇ ತೀರಿಕೊಂಡರು.