ಪೀಪಾಯಿಯ ಜಿನ್ನೂ ಕಬ್ಬಿನ ಸೀಮೆಯೂ

ಮದ್ಯವನ್ನು ಹೊಗಳುವುದು ಈ ಲೇಖನದ ಉದ್ದೇಶವಲ್ಲ. ಅದರ ಚರಿತ್ರೆಯಲ್ಲಿ ನಮ್ಮ ಸೀಮೆಯ ಪಾಲೇನೆಂದು ನೋಡುವುದಷ್ಟೆ. ಮರದ ಪೀಪಾಯಿಯಲ್ಲಿ ಮಾಗಿಸಿದ, ನೂರಕ್ಕೆ 57 ಪಾಲು ಮದ್ಯಸಾರವುಳ್ಳ ಜಿನ್ನನ್ನು ಈಚೆಗೆ ರಸಿಕರು ಹುಡುಕಿಕೊಂಡು ಹೋಗುತ್ತಾರೆ. ಜಿನ್ನೆಂದರೆ ಜೂನಿಪರ್ ಕಾಯಿಯ ಪರಿಮಳ ಹಿಡಿಸಿದ, ನೀರಿನಂತೆ ತಿಳಿಯಾದ ಭಟ್ಟಿಯ ಪೇಯ. ಅದಕ್ಕೆ ಹೊಂಬಣ್ಣವೇಕೆ, ಇಷ್ಟು ಕಡುತನವೇಕೆ?

ಎರಡಕ್ಕೂ ಮೊದಲ ಕಾರಣ ರುಚಿಯಲ್ಲ, ವ್ಯಾಪಾರ. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಿನ್ನು ಅಂಗಡಿಗೆ ಹೋಗುತ್ತಿದ್ದುದೇ ಪೀಪಾಯಿಯಲ್ಲಿ. ಮರದ ಬಣ್ಣವೂ ವಾಸನೆಯೂ ತಾವಾಗಿ ಬೆರೆಯುತ್ತಿದ್ದವು. ಕಡುತನವೋ, ನೀರು ಬೆರೆಸುವವರ ಕೈಚಳಕಕ್ಕೆ ಮದ್ದು. ಮದ್ಯದಲ್ಲಿ ನೆನೆದ ತೋಪಿನ ಮದ್ದು ಹೊತ್ತಿಕೊಂಡರೆ ಅದು ‘ಪ್ರೂಫ್’ ಎನ್ನುತ್ತಿದ್ದರಂತೆ. 19ನೆಯ ಶತಮಾನದ ಮೊದಲಲ್ಲಿ ಸೈಕ್ಸನ ಹೆಸರಿನ ಹೈಡ್ರೋಮೀಟರು ಬಂದು ಕರದ ಲೆಕ್ಕ ಖಚಿತವಾಯಿತು. ಆ ಪ್ರೂಫೇ ಇಂದಿನ 57.1. ನಮ್ಮ ಅಂಗಡಿಗಳ ಸೀಸೆಗಳ ಮೇಲಿನ 42.8 ಎಂಬ ವಿಚಿತ್ರ ಅಂಕಿ ಅದರ ಮುಕ್ಕಾಲು ಪಾಲು! ಆಳಿದವರು ಹೋದರು, ಅಳತೆ ಉಳಿಯಿತು.

ಇನ್ನು ನಮ್ಮ ಸೀಮೆಗೆ ಬರೋಣ. ನಮ್ಮ ದೇಶದ ಸಾಮಾನ್ಯ ಜಿನ್ನಿಗೆ ಮೂಲ ಕಾಕಂಬಿಯ ಮದ್ಯಸಾರ; ಕಾಕಂಬಿಗೆ ಮೂಲ ಕಬ್ಬು. ಜಮಖಂಡಿ, ಮುಧೋಳ, ಬೀಳಗಿಗಳ ದಾರಿಯಲ್ಲಿ ಕಬ್ಬಿನ ಗಾಡಿಗಳ ಸಾಲನ್ನು ಕಂಡಾಗಲೆಲ್ಲ ನನಗೆ ಈ ನಂಟು ನೆನಪಾಗುತ್ತದೆ. ಮಹಾಲಿಂಗಪುರದ ಬೆಲ್ಲ ಹೆಸರಾದದ್ದು. ಸಮೀರವಾಡಿಯಲ್ಲಿ ಸಕ್ಕರೆಯೊಡನೆ ಮದ್ಯಸಾರವೂ ತಯಾರಾಗುತ್ತದೆ. ಅಂಥ ಸಾರದ ದೊಡ್ಡ ಪಾಲು ಈಗ ಪೆಟ್ರೋಲಿಗೆ ಸೇರುತ್ತದೆ.

ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. ಮರುವರ್ಷವೇ ಮುಂಬಯಿ ಪಾನನಿರೋಧ ಕಾಯಿದೆ ಬಂತು. 1950ರಲ್ಲಿ ನಿಷೇಧ ಪೂರ್ಣವಾಯಿತು. ಉದ್ದೇಶ ಒಳ್ಳೆಯದೇ. ವಾರದ ಬಟವಾಡೆ ಗಡಂಗಿಗೆ ಹೋದರೆ ರಬಕವಿ-ಬನಹಟ್ಟಿಯ ನೇಕಾರನ ಒಲೆ ಹೊತ್ತುವುದು ಹೇಗೆ? ಆದರೆ ಆ ಪ್ರಾಂತದಲ್ಲಿ ಕುಡಿತ ಅಳಿಯಲಿಲ್ಲ, ಕಳ್ಳಭಟ್ಟಿಗೆ ಇಳಿಯಿತು. ಬೆಲ್ಲ ಎಲ್ಲೆಡೆ ಸಿಗುತ್ತಿತ್ತು. ಅಳೆಯುವವರು ಮಾತ್ರ ಇರಲಿಲ್ಲ.

ಅಳತೆಯಿಲ್ಲದ ಮದ್ಯದ ಬೆಲೆಯನ್ನು ಕರ್ನಾಟಕ ಮುಂದೆ ಕಂಡಿತು. 1981ರಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಬೆರೆತ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು; ಬಹುಪಾಲು ಬಡವರು. 2007ರ ಜುಲೈ 1ರಿಂದ ಸಾರಾಯಿಯೇ ನಿಷಿದ್ಧವಾಯಿತು.

ಪೀಪಾಯಿಯ ಜಿನ್ನಿನ ಆಕರ್ಷಣೆ ಮರದ ಕಂಪಿನಲ್ಲಷ್ಟೇ ಇಲ್ಲವೆಂದು ನನ್ನ ಎಣಿಕೆ. ಒಳಗಿರುವುದೇನು, ಎಷ್ಟು, ಎಲ್ಲಿ ಮಾಗಿದ್ದು ಎಂಬುದಕ್ಕೆ ಯಾರೋ ಹೊಣೆ ಹೊತ್ತಿದ್ದಾರೆಂಬ ಭರವಸೆಯೂ ಅಲ್ಲಿದೆ. ಪ್ರಮಾಣವೆಂಬ ನಮ್ಮ ಮಾತಿಗೆ ಅಳತೆಯೆಂದೂ ಅರ್ಥ, ಸಾಕ್ಷಿಯೆಂದೂ ಅರ್ಥ. ಉಳ್ಳವರು ಹಣ ಕೊಟ್ಟು ಎರಡನ್ನೂ ಪಡೆದರು. ಕಬ್ಬು ಕಡಿದವನ ಲೋಟಕ್ಕೆ ಬಹುಕಾಲ ಎರಡೂ ದಕ್ಕಲಿಲ್ಲ.